ಮಾತಿನ ರಾಗ ಬರೆದಿಟ್ಟವರ ಊರುಗಳಲ್ಲಿ ಐದು ದಿನ

ಮೈಸೂರಿಗೆ ಮರಳಿ ಮೂರು ವಾರವಾದರೂ ಚೀಲದ ತಳದಲ್ಲಿದ್ದ ನೋಟ್ ಪುಸ್ತಕವನ್ನು ಹೊರಗೆ ತೆಗೆದಿರಲಿಲ್ಲ. ನಿನ್ನೆ ತೆಗೆದು ನೋಡಿದರೆ ಖರ್ಚು ಬರೆದ ಪುಟಗಳಿಗಿಂತ ಸ್ವರ ಬರೆದ ಪುಟಗಳೇ ಹೆಚ್ಚಾಗಿದ್ದವು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ, ಚಿಕ್ಕಂದಿನಲ್ಲಿ ಕಲಿತ ವೀಣೆಯನ್ನು ಅಷ್ಟಿಷ್ಟು ಉಳಿಸಿಕೊಂಡಿರುವ ನನಗೆ ಲೆಓಶ್ ಯನಾಚೆಕ್ ಎಂಬ ಜೆಕ್ ಸಂಗೀತಗಾರರ ಪರಿಚಯವಾದದ್ದು ಅಣ್ಣನ ಮಗನಿಂದ. ಕೆಲಸಕ್ಕೆಂದು ಜೆಕ್ ದೇಶದ ಬ್ರನೊ ನಗರಕ್ಕೆ ಹೋಗಿ ನಾಲ್ಕು ವರ್ಷವಾಗಿರುವ ಅವನು ಒಂದು ರಾತ್ರಿ ಪಿಯಾನೊ ತುಣುಕೊಂದನ್ನು ಕಳಿಸಿ, "ಅತ್ತೆ, ಇದನ್ನು ಕೇಳಿ, ಯಾರೋ ಮಾತಾಡಿದ ಹಾಗಿದೆ" ಎಂದು ಬರೆದಿದ್ದ. ಕೇಳಿದೆ. ನಿಜವಾಗಿಯೂ ಯಾರೋ ಏನನ್ನೋ ಹೇಳಲು ಹೊರಟು, ಅರ್ಧಕ್ಕೆ ನಿಲ್ಲಿಸಿ, ಮತ್ತೆ ಅದೇ ಮಾತನ್ನು ಸ್ವಲ್ಪ ಕೆಳಗಿನ ದನಿಯಲ್ಲಿ ಹೇಳಿದಂತಿತ್ತು. ಜನರ ಮಾತಿನ ಏರಿಳಿತಗಳನ್ನು ಸುಮಾರು ಮೂವತ್ತು ವರ್ಷ ಸ್ವರಲಿಪಿಯಲ್ಲಿ ಬರೆದಿಟ್ಟವರು ಅವರು ಎಂದು ತಿಳಿದ ಮೇಲೆ, ಆ ಮಾತು ಹುಟ್ಟಿದ ಊರುಗಳಿಗೇ ಹೋಗಿ ಕಿವಿಯಾರೆ ಕೇಳಬೇಕೆಂಬ ಆಸೆ ಬಲಿಯಿತು. ಸೆಪ್ಟೆಂಬರಿನಲ್ಲಿ ಆಸೆ ಕೈಗೂಡಿತು.

ಮೊದಲ ದಿನ, ಬುಧವಾರ

ವಿಯೆನ್ನಾದಿಂದ ಬ್ರನೊಗೆ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಕಟಾವಾದ ಹೊಲಗಳು, ತಲೆ ಬಾಗಿಸಿ ಒಣಗಿ ನಿಂತ ಸೂರ್ಯಕಾಂತಿ, ದೂರದ ಇಳಿಜಾರುಗಳಲ್ಲಿ ದ್ರಾಕ್ಷಿಯ ಸಾಲುಗಳು ಕಾಣುತ್ತಿದ್ದವು. ನಿಲ್ದಾಣದಲ್ಲಿ ಕಾದಿದ್ದ ಅಣ್ಣನ ಮಗ ಚೀಲ ಕಸಿದುಕೊಂಡು, ಇಪ್ಪತ್ತನಾಲ್ಕು ಗಂಟೆ ನಡೆಯುವ ಟಿಕೆಟ್ ಕೊಡಿಸಿ, ಒಂದನೇ ನಂಬರಿನ ಟ್ರಾಮ್ ಹತ್ತಿಸಿದ. ಬಿಡಿ ಟಿಕೆಟ್ ತೆಗೆದುಕೊಳ್ಳುವುದಕ್ಕಿಂತ ಇದೇ ಅನುಕೂಲ, ಟ್ರಾಮೂ ಬಸ್ಸೂ ಎರಡಕ್ಕೂ ಸಲ್ಲುತ್ತದೆ. ಮನೆಗೆ ಹೋಗುವ ಮೊದಲೇ ಮೆಂಡೆಲ್ ಚೌಕದಲ್ಲಿ ಇಳಿಯೋಣವೆಂದೆ. ಚೀಲವನ್ನು ಅವನೇ ಹೊತ್ತ.

ಚೌಕದ ಒಂದು ಮಗ್ಗುಲಿಗೆ ಹಳೆ ಬ್ರನೊದ ಮಠವಿದೆ. ರಾಣಿ ಎಲಿಶ್ಕಾ 1323ರಲ್ಲಿ ಕಟ್ಟಿಸಿದ ಈ ಗಾಥಿಕ್ ಚರ್ಚು ಕೆಂಪು ಇಟ್ಟಿಗೆಯದು. ಸುತ್ತಲಿನ ಕಲ್ಲು ಗಾರೆಯ ಕಟ್ಟಡಗಳ ನಡುವೆ ಅದು ಬೇರೆಯಾಗಿಯೇ ಕಾಣುತ್ತದೆ. ಸಂಜೆಯ ಬಿಸಿಲು ಬಿದ್ದು ಗೋಡೆ ಆಗತಾನೆ ಬೆಂದ ಹೆಂಚಿನಂತೆ ಹೊಳೆಯುತ್ತಿತ್ತು. ದೂರದ ಹುಕ್ವಲ್ಡಿ ಎಂಬ ಹಳ್ಳಿಯ ಶಾಲಾ ಮೇಷ್ಟರ ಮಗ ಲೆಓಶ್‌ನನ್ನು 1865ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಹಾಡುವ ಹುಡುಗನಾಗಿ ಇಲ್ಲಿ ತಂದು ಬಿಟ್ಟರು. ಅನ್ನ, ವಿದ್ಯೆ, ಸಂಗೀತ ಮೂರೂ ಮಠದ ಖರ್ಚು. ಅಲ್ಲಿಯ ಹುಡುಗರಿಗೆ ತಿಳಿನೀಲಿ ಸಮವಸ್ತ್ರವಿದ್ದುದರಿಂದ ಊರಿನವರು ಅವರನ್ನು ನೀಲಿ ಮರಿಗಳು ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಬಂದ ಮರು ವರ್ಷವೇ ತಂದೆ ತೀರಿಕೊಂಡರು. ಅದೇ 1866ರ ಬೇಸಿಗೆಯಲ್ಲಿ ಪ್ರಷ್ಯಾದ ಸೈನ್ಯ ಬ್ರನೊಗೆ ನುಗ್ಗಿ ಇದೇ ಚೌಕದಲ್ಲಿ ಬೀಡುಬಿಟ್ಟಿತು. ಹನ್ನೆರಡರ ಹುಡುಗ ಕಿಟಕಿಯಲ್ಲಿ ನಿಂತು ನೋಡಿರಬೇಕು.

ಸಂಗೀತ ಕಲಿಸಿದವರು ಮಠದ ಪಾದ್ರಿ, ಸ್ವತಃ ವಾಗ್ಗೇಯಕಾರರಾಗಿದ್ದ ಪಾವೆಲ್ ಕ್ರೀಷ್ಕೊವ್ಸ್ಕಿ. 1868ರಲ್ಲಿ ಮಠಾಧಿಪತಿಯಾದವರು ಬಟಾಣಿ ಗಿಡಗಳಿಂದ ಆನುವಂಶಿಕತೆಯ ನಿಯಮಗಳನ್ನು ಕಂಡುಕೊಂಡ ಗ್ರೆಗರ್ ಮೆಂಡೆಲ್. ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಜೀವಶಾಸ್ತ್ರದ ಮೇಷ್ಟರು ಮೆಂಡೆಲ್ಲರ ಚಿತ್ರಪಟವನ್ನು ಸುರುಳಿ ಸುತ್ತಿ ತರಗತಿಗೆ ಒಯ್ಯುತ್ತಿದ್ದುದನ್ನು ವರ್ಷಗಟ್ಟಲೆ ಕಂಡಿದ್ದೇನೆ. ಅದೇ ಮೆಂಡೆಲ್ 1884ರಲ್ಲಿ ತೀರಿಕೊಂಡಾಗ ಈ ಚರ್ಚಿನಲ್ಲಿ ಅಂತ್ಯಸಂಸ್ಕಾರದ ಸಂಗೀತವನ್ನು ನಡೆಸಿದವರು ಮೂವತ್ತರ ಹೊಸ್ತಿಲಲ್ಲಿದ್ದ ಯನಾಚೆಕ್. ಮೆಂಡೆಲ್ಲರ ಹಸಿರುಮನೆಯ ಅಡಿಪಾಯದ ಪಕ್ಕದಲ್ಲಿ ನಿಂತಾಗ, ಒಬ್ಬರು ಬಟಾಣಿ ಕಾಳುಗಳನ್ನು ಎಣಿಸಿದ ತಾಳ್ಮೆಯಿಂದಲೇ ಇನ್ನೊಬ್ಬರು ಮಾತಿನ ತುಣುಕುಗಳನ್ನು ಕೂಡಿಸಿದರಲ್ಲ ಎಂದುಕೊಂಡೆ.

ರಾತ್ರಿ ಬೆಳ್ಳುಳ್ಳಿಯ ಸಾರು ಕುಡಿದೆವು. ಸಸ್ಯಾಹಾರಿಗಳು ಇಲ್ಲಿ ಆರ್ಡರ್ ಕೊಡುವ ಮೊದಲೇ ಮಾಂಸದ ರಸ ಹಾಕುತ್ತೀರಾ ಎಂದು ಕೇಳಬೇಕು, ಏಕೆಂದರೆ ಮಾಂಸದ ತುಂಡಿಲ್ಲದ ಮಾತ್ರಕ್ಕೆ ಸಾರು ಸಸ್ಯಾಹಾರವಾಗುವುದಿಲ್ಲ.

ಎರಡನೆಯ ದಿನ, ಗುರುವಾರ

ಅಣ್ಣನ ಮಗನಿಗೆ ಬೆಳಿಗ್ಗೆ ಆಫೀಸಿತ್ತು. ನಾನೊಬ್ಬಳೇ ಶ್ಪಿಲ್‌ಬೆರ್ಕ್ ಕೋಟೆಯ ಗುಡ್ಡ ಹತ್ತಿ ಸುತ್ತಾಡಿ, ಹನ್ನೆರಡು ಗಂಟೆಗೆ ಕೆಳಗಿನ ಬೀದಿಯಲ್ಲಿ ಅವನನ್ನು ಕೂಡಿಕೊಳ್ಳುವುದೆಂದು ಮಾತಾಗಿತ್ತು. ಆಸ್ಟ್ರಿಯದ ಅರಸರ ಕಾಲದಲ್ಲಿ ಅವರ ಸಾಮ್ರಾಜ್ಯದ ರಾಜಕೀಯ ಕೈದಿಗಳನ್ನು ಕೂಡಿಹಾಕುತ್ತಿದ್ದ ಸೆರೆಮನೆ ಇದು. ಈಗ ಇಳಿಜಾರಿನ ತುಂಬ ಮರಗಳಿವೆ, ತಳ್ಳುಬಂಡಿಯಲ್ಲಿ ಕೂಸುಗಳನ್ನು ಕೂರಿಸಿಕೊಂಡು ಬರುವ ತಾಯಂದಿರಿದ್ದಾರೆ. ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಯನಾಚೆಕ್ ಅವರ ಸಿನ್ಫೊನಿಯೆಟ್ಟಾ ಎಂಬ ವಾದ್ಯವೃಂದದ ಕೃತಿಯನ್ನು ಕೇಳುತ್ತ ಕೂತೆ. 1926ರಲ್ಲಿ, ಎಪ್ಪತ್ತೆರಡನೆಯ ಹುಟ್ಟುಹಬ್ಬ ಹತ್ತಿರವಿದ್ದಾಗ ಬರೆದ ಕೃತಿ ಇದು. ಐದು ಭಾಗಗಳಿಗೂ ಅವರು ಈ ಊರಿಗೆ ಸಂಬಂಧಿಸಿದ ಹೆಸರುಗಳನ್ನು ಕೊಟ್ಟಿದ್ದರು: ತುತ್ತೂರಿಗಳ ಘೋಷ, ಕೋಟೆ, ರಾಣಿಯ ಮಠ, ಬೀದಿ, ಪುರಭವನ. ಮೊದಲ ಭಾಗದಲ್ಲಿ ಒಂಬತ್ತು ತುತ್ತೂರಿಗಳು ಒಟ್ಟಿಗೆ ಮೊಳಗುತ್ತವೆ. ಪಿಟೀಲುಗಳು ಆವರೆಗೆ ಸುಮ್ಮನಿರುತ್ತವೆ. ಜರ್ಮನ್ ಭಾಷೆಯವರ ಕೈಯಲ್ಲಿದ್ದ ನಗರ 1918ರ ಅಕ್ಟೋಬರ್ 28ರಂದು ದೇಶ ಸ್ವತಂತ್ರವಾದ ಮೇಲೆ ತಮ್ಮ ಕಣ್ಣೆದುರು ಹೇಗೆ ಬದಲಾಯಿತೆಂದು ಅವರು ಪತ್ರಿಕೆಯೊಂದರಲ್ಲಿ ಬರೆದರು, ಈ ಕೋಟೆಯ ಬಗ್ಗೆ ತಮಗಿದ್ದ ಜುಗುಪ್ಸೆಯನ್ನೂ ಬಿಚ್ಚಿಟ್ಟರು. ಅದನ್ನು ಓದಿಕೊಂಡು ಹೋಗಿದ್ದರಿಂದ ಎರಡನೆಯ ಭಾಗದ ಚಡಪಡಿಕೆ ಅಂದು ನನಗೆ ಬೇರೆಯಾಗಿಯೇ ಕೇಳಿಸಿತು.

ಅಷ್ಟರಲ್ಲಿ ಫೋನಿನ ಚಾರ್ಜ್ ಮುಗಿಯಿತು. ಸ್ವಲ್ಪ ಹೊತ್ತಿಗೆ ಊರೊಳಗಿನ ದೊಡ್ಡ ಚರ್ಚಿನ ಗಂಟೆ ಬಾರಿಸತೊಡಗಿತು. ಎಣಿಸಿದೆ, ಹನ್ನೆರಡು. ಹೊತ್ತಾಯಿತೆಂದು ಗಾಬರಿಯಿಂದ ಅಡ್ಡದಾರಿ ಹಿಡಿದು ಇಳಿಯುವಾಗ ಸಣ್ಣ ಕಲ್ಲುಗಳ ಮೇಲೆ ಕಾಲು ಜಾರಿ ಮಂಡಿ ತರಚಿತು. ಕುಂಟುತ್ತ ಬಂದು ಹೇಳಿದ ಜಾಗದಲ್ಲಿ ನಿಂತರೆ ಅವನ ಸುಳಿವಿಲ್ಲ. ಪೂರ್ತಿ ಒಂದು ಗಂಟೆಯ ನಂತರ ನಗುತ್ತ ಬಂದ. "ಅತ್ತೆ, ಹೇಳುವುದು ಮರೆತೆ. ಇಲ್ಲಿ ಹನ್ನೊಂದಕ್ಕೇ ಹನ್ನೆರಡು ಬಾರಿಸುತ್ತಾರೆ." 1645ರಲ್ಲಿ ಸ್ವೀಡನ್ನಿನ ಸೈನ್ಯ ಊರಿಗೆ ಮುತ್ತಿಗೆ ಹಾಕಿ, ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಗೆಲ್ಲದಿದ್ದರೆ ಮುತ್ತಿಗೆ ತೆಗೆಯುವುದಾಗಿ ಅದರ ಸೇನಾಪತಿ ಹೇಳಿದ್ದನಂತೆ. ಊರವರು ಒಂದು ಗಂಟೆ ಮೊದಲೇ ಬಾರಿಸಿಬಿಟ್ಟರಂತೆ. ಇಂದಿಗೂ ಆ ವಾಡಿಕೆ ನಡೆದಿದೆ. ಬ್ರನೊಗೆ ಹೋಗುವವರು ಗಂಟೆ ನಂಬದೆ ಕೈಗೆ ಗಡಿಯಾರ ಕಟ್ಟಿಕೊಳ್ಳಬೇಕು.

ಮಧ್ಯಾಹ್ನ ಯನಾಚೆಕ್ ಇದ್ದ ತೋಟದ ಮನೆಗೆ ಹೋದೆವು. ಸೋಮವಾರ ಇಲ್ಲಿ ರಜೆ, ಅದನ್ನು ನೋಡಿಕೊಂಡೇ ನಮ್ಮ ದಿನಗಳನ್ನು ಗೊತ್ತುಮಾಡಿದ್ದೆವು. 1881ರಲ್ಲಿ ಅವರೇ ಕಟ್ಟಿದ ಆರ್ಗನ್ ಶಾಲೆ ಮುಂದೆ ದೊಡ್ಡ ಕಟ್ಟಡವೊಂದಕ್ಕೆ ಬಂದಾಗ, ಅದರ ಹಿತ್ತಲಿನಲ್ಲಿ ನಿರ್ದೇಶಕರಿಗೆಂದು ಕಟ್ಟಿದ ಒಂದೇ ಅಂತಸ್ತಿನ ಮನೆ ಇದು. 1910ರಿಂದ ಕೊನೆಯವರೆಗೂ ಅವರ ವಾಸ ಇಲ್ಲಿಯೇ. ಕೆಲಸದ ಕೋಣೆ ಪುಟ್ಟದು. ವಿಯೆನ್ನಾದ ಎರ್ಬಾರ್ ಕಂಪನಿಯ ಪಿಯಾನೊ ಕೋಣೆಯ ಬಹುಪಾಲನ್ನು ಆಕ್ರಮಿಸಿಕೊಂಡಿದೆ. ಪ್ರಾಗ್‌ನಲ್ಲಿ ಓದುವಾಗ ಪಿಯಾನೊ ಬಾಡಿಗೆಗೆ ಪಡೆಯಲೂ ಹಣವಿಲ್ಲದೆ, ಮೇಜಿನ ಮೇಲೆ ಮಣೆಗಳ ಚಿತ್ರ ಬರೆದುಕೊಂಡು ಬೆರಳಾಡಿಸುತ್ತಿದ್ದ ಹುಡುಗನ ಪಿಯಾನೊ ಇದು ಎಂದಾಗ ಅದರ ಕಪ್ಪು ಮೈಯನ್ನು ಸುಮ್ಮನೆ ನೋಡುತ್ತ ನಿಂತೆ.

ಅವರ ಹಸ್ತಾಕ್ಷರದ ಪುಟಗಳ ನಕಲನ್ನು ಅಲ್ಲಿಯ ಸಿಬ್ಬಂದಿ ತೋರಿಸಿದರು. ಕೊನೆಯ ವರ್ಷಗಳಲ್ಲಿ ಅವರು ಅಚ್ಚಾದ ಸ್ವರಗೆರೆಯ ಹಾಳೆಗಳನ್ನೇ ಬಿಟ್ಟರು. ಖಾಲಿ ಹಾಳೆಯ ಮೇಲೆ ತಮಗೆ ಬೇಕಾದ ಕಡೆ, ಬೇಕಾದಷ್ಟು ಉದ್ದಕ್ಕೆ, ಕೈಯಿಂದಲೇ ಐದು ಗೆರೆ ಎಳೆದುಕೊಳ್ಳುತ್ತಿದ್ದರು. ಗೆರೆ ಕಂಡರೆ ತುಂಬಿಸುವ ಚಪಲ ಬರುತ್ತದೆ. ಗೆರೆಯೇ ಇಲ್ಲದಿದ್ದರೆ ಅಗತ್ಯವಿಲ್ಲದ ಸ್ವರಕ್ಕೆ ಜಾಗವೇ ಇರುವುದಿಲ್ಲ. ಆ ಗೆರೆಗಳು ನೇರವಾಗಿರಲಿಲ್ಲ, ಅವಸರದಲ್ಲಿ ಎಳೆದವು, ಕೆಲವೆಡೆ ಬಾಲದಂತೆ ಮೇಲಕ್ಕೆದ್ದಿದ್ದವು. ಮಾತಿನ ಸ್ವರಗಳನ್ನು ಬರೆದ ಪುಟಗಳಲ್ಲಿ ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಹೇಳಿದರು ಎಂಬುದೂ ಇದೆ. ಹೀಗೆ 1897ರ ಸುಮಾರಿಗೆ ಶುರುಮಾಡಿ ಸಾಯುವವರೆಗೂ ಬರೆದರು. ಕೊನೆಕೊನೆಗೆ ಮಾತಿನ ಅವಧಿಯನ್ನು ಸೆಕೆಂಡಿನ ಸಣ್ಣ ಭಾಗಗಳಲ್ಲಿ ಅಳೆಯುವ ಹಿಪ್ ಯಂತ್ರವನ್ನೂ ಬಳಸಿದರು. ಮನುಷ್ಯ ಬಾಯಲ್ಲಿ ಹೇಳುವ ಪದಕ್ಕಿಂತ ಅದನ್ನು ಹೇಳುವ ರಾಗದಲ್ಲಿ ಅವನ ಮನಸ್ಸು ಹೆಚ್ಚು ಕಾಣುತ್ತದೆಂಬುದು ಅವರ ನಂಬಿಕೆಯಾಗಿತ್ತು. "ಏನೂ ಇಲ್ಲ, ಚೆನ್ನಾಗಿದೀನಿ" ಎಂದು ಮಗಳು ಫೋನಿನಲ್ಲಿ ಹೇಳುವ ರೀತಿಯಿಂದಲೇ ಅವಳು ಅತ್ತಿದ್ದಾಳೆಂದು ತಿಳಿಯುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಸಂಗ್ರಹದಲ್ಲಿ ಅವರ ಮಗಳ ಮಾತುಗಳೂ ಇವೆ. ಮಗ ವ್ಲಾದಿಮೀರ್ 1890ರಲ್ಲಿ, ಎರಡೂವರೆ ವರ್ಷದ ಕೂಸಾಗಿದ್ದಾಗಲೇ ಹೋಗಿದ್ದ. ಉಳಿದಿದ್ದ ಓಲ್ಗಾ 1903ರ ಫೆಬ್ರವರಿಯಲ್ಲಿ ಇಪ್ಪತ್ತರ ಹರೆಯದಲ್ಲಿ ಹಾಸಿಗೆ ಹಿಡಿದು ಸಾಯುತ್ತಿದ್ದಾಗ, ತಂದೆ ಪಕ್ಕದಲ್ಲಿ ಕುಳಿತು ಅವಳ ಮಾತುಗಳನ್ನು, ಕೊನೆಯ ನಿಟ್ಟುಸಿರನ್ನೂ ಸ್ವರದಲ್ಲಿ ಬರೆದುಕೊಂಡರು. ಈ ಸಂಗತಿಯನ್ನು ಮೊದಲು ಓದಿದಾಗ ನನಗೆ ಕೋಪ ಬಂದಿತ್ತು. ಮಗಳ ಉಸಿರು ನಿಲ್ಲುವಾಗ ಪೆನ್ಸಿಲ್ ಹಿಡಿಯುವ ತಂದೆ ಎಂಥವನೆಂದು ಅಣ್ಣನ ಮಗನೊಡನೆ ವಾದವನ್ನೂ ಮಾಡಿದ್ದೆ. ಆ ನಕಲು ಪುಟಗಳ ಮುಂದೆ ನಿಂತಾಗ ಆ ಕೋಪ ಉಳಿಯಲಿಲ್ಲ. ಅವರಿಗೆ ಹಿಡಿದಿಟ್ಟುಕೊಳ್ಳಲು ಬೇರೆ ದಾರಿ ಗೊತ್ತಿರಲಿಲ್ಲ. ಒಂಬತ್ತು ವರ್ಷಗಳಷ್ಟು ಕಾಲ ಹಿಡಿದ ಯೆನೂಫಾ ಎಂಬ ಗೀತನಾಟಕ ಅದೇ ದಿನಗಳಲ್ಲಿ ಮುಗಿಯುತ್ತ ಬಂದಿತ್ತು. ಓಲ್ಗಾ ಕೇಳಬೇಕೆಂದು ಹಂಬಲಿಸಿದಾಗ ಪಿಯಾನೊದಲ್ಲಿ ನುಡಿಸಿ ಕೇಳಿಸಿದರು. ಕೃತಿಯನ್ನು ಅವಳ ನೆನಪಿಗೇ ಅರ್ಪಿಸಿದರು. ಅಣ್ಣನ ಮಗ ನನಗೆ ಕಳಿಸಿದ್ದ ಪಿಯಾನೊ ತುಣುಕಿನ ಹೆಸರು "ಗೂಬೆ ಹಾರಿಹೋಗಲಿಲ್ಲ" ಎಂದು. ರೋಗಿಯಿರುವ ಮನೆಯ ಬಳಿ ಕೂತ ಗೂಬೆ ಓಡಿಸಿದರೂ ಹೋಗದಿದ್ದರೆ ಸಾವು ಎಂಬುದು ಆ ಸೀಮೆಯ ನಂಬಿಕೆ. ಗೂಬೆಯ ಕೂಗಿಗೆ ನಮ್ಮಲ್ಲೂ ಅದೇ ಅಂಜಿಕೆಯಿದೆಯೆಂದು ಸಿಬ್ಬಂದಿಯ ಹೆಂಗಸಿಗೆ ಹೇಳಿಸಿದೆ. ಅವರು ತಲೆಯಾಡಿಸಿ, ಹೊರಡುವಾಗ ಕೈಹಿಡಿದು ಕುಲುಕಿದರು.

ಮೂರನೆಯ ದಿನ, ಶುಕ್ರವಾರ

ಬೆಳಿಗ್ಗೆ ಎಲೆಕೋಸಿನ ಹೆಸರು ಹೊತ್ತಿರುವ ಹಳೆಯ ತರಕಾರಿ ಮಾರುಕಟ್ಟೆಗೆ ಹೋದೆವು. ಇಳಿಜಾರಾದ ಚೌಕದಲ್ಲಿ ಪ್ಲಮ್ ಹಣ್ಣಿನ ರಾಶಿ, ಸಬ್ಬಸಿಗೆಯ ಹೂಗೊಂಚಲು, ಉಪ್ಪಿನಕಾಯಿಗೆಂದು ಆರಿಸಿಟ್ಟ ಬೆರಳುದ್ದದ ಸೌತೆಮಿಡಿ. ಒಂದು ಕಲ್ಲುಕಟ್ಟೆಯ ಮೇಲೆ ಕೂತು ಮಾರುವವರ ಮಾತಿಗೆ ಕಿವಿಗೊಟ್ಟೆ. ಅರ್ಥವಾಗದ ಭಾಷೆಯಾದ್ದರಿಂದ ರಾಗವೊಂದೇ ಕಿವಿಗೆ ಬೀಳುತ್ತಿತ್ತು. ಜೆಕ್ ಭಾಷೆಗೂ ನಮ್ಮ ಹಾಗೆ ಹ್ರಸ್ವ ದೀರ್ಘಗಳ ಲೆಕ್ಕವಿದೆ. ನಮಗೆ ಬಳೆ ಬೇರೆ, ಬಾಳೆ ಬೇರೆ ಇದ್ದಂತೆ ಅವರಿಗೆ "ದಲ್" ಎಂದರೆ ಕೊಟ್ಟ, "ದಾಲ್" ಎಂದರೆ ದೂರ. ನಮಸ್ಕಾರ ಎನ್ನಲು "ದೊಬ್ರೀ ದೆನ್" ಎನ್ನುತ್ತಾರೆ. ಪ್ಲಮ್ ಮಾರುವ ಹೆಂಗಸು ಪ್ರತಿ ಗಿರಾಕಿಗೂ ಅದನ್ನು ಹೇಳುತ್ತಿದ್ದಳು. ಮೊದಲ ಅಕ್ಷರ ಷಡ್ಜವೆಂದು ಹಿಡಿದರೆ "ಬ್ರೀ" ಗಾಂಧಾರಕ್ಕೆ ಏರಿ ಅಲ್ಲಿಯೇ ಒಂದಿಷ್ಟು ನಿಂತು, "ದೆನ್" ಮತ್ತೆ ಷಡ್ಜಕ್ಕೆ ಇಳಿಯುತ್ತಿತ್ತು. ಸ, ಗಾ, ಸ ಎಂದು ಬರೆದುಕೊಂಡೆ. ಒಂದು ಕಿಲೋ ಕೊಂಡ ಮೇಲೆ ನಮ್ಮನ್ನು ಬೀಳ್ಕೊಡುವಾಗ ಅವಳ ದನಿ ಇನ್ನೂ ಎರಡು ಸ್ವರ ಮೇಲಿತ್ತು.

ಅಲ್ಲಿಂದ ಬೆಸೆದ್ನಿ ದೂಮ್ ಎಂಬ ಸಭಾಭವನದ ಮುಂದೆ ಸ್ವಲ್ಪ ಹೊತ್ತು ನಿಂತೆವು. ಜರ್ಮನ್ ಪ್ರಾಬಲ್ಯದ ಊರಿನಲ್ಲಿ ಜೆಕ್ ಜನರ ಸಂಗೀತ, ಸಭೆ ಎಲ್ಲ ನಡೆಯುತ್ತಿದ್ದುದು ಇಲ್ಲಿ. ಯನಾಚೆಕ್ ಇಲ್ಲಿ ಹಲವು ವರ್ಷ ಗಾಯನವೃಂದ ನಡೆಸಿದರು. ಬ್ರನೊದಲ್ಲಿ ಜೆಕ್ ವಿಶ್ವವಿದ್ಯಾಲಯ ಬೇಕೆಂದು 1905ರ ಅಕ್ಟೋಬರ್ 1ರಂದು ನಡೆದ ಚಳವಳಿಯಲ್ಲಿ ಫ್ರಂತಿಶೆಕ್ ಪಾವ್ಲೀಕ್ ಎಂಬ ಯುವ ಕಾರ್ಮಿಕ ಸೈನಿಕರ ಬಾಯನೆಟ್ಟಿಗೆ ಸಿಕ್ಕಿ ಸತ್ತ. ಆ ದಿನಾಂಕವನ್ನೇ ಹೆಸರಾಗಿಟ್ಟು ಯನಾಚೆಕ್ ಪಿಯಾನೊ ಸೊನಾಟಾ ಬರೆದರು. ತಾವು ಬರೆದದ್ದು ತಮಗೇ ಸಾಲದೆನಿಸಿ ಮೊದಲ ಪ್ರದರ್ಶನಕ್ಕೆ ಮುಂಚೆ ಮೂರನೆಯ ಭಾಗವನ್ನು ನಾಶಮಾಡಿದರು, ಆಮೇಲೆ ಉಳಿದೆರಡನ್ನೂ ಪ್ರಾಗ್‌ನಲ್ಲಿ ವಲ್ತಾವಾ ನದಿಗೆ ಎಸೆದರು. ನುಡಿಸಿದ ಕಲಾವಿದೆ ಲುದ್ಮಿಲಾ ತುಚ್ಕೋವಾ ತನ್ನ ಬಳಿ ಪ್ರತಿ ಇಟ್ಟುಕೊಂಡಿದ್ದರು. 1924ರಲ್ಲಿ ಅದನ್ನು ಹೊರಗೆ ತಂದರು. ಎರಡು ಭಾಗ ಉಳಿದದ್ದು ಆಕೆಯಿಂದ. ಮಾತೃಭಾಷೆಯಲ್ಲಿ ಓದುವ ಹಕ್ಕಿಗಾಗಿ ಬೀದಿಗಿಳಿದವರನ್ನು ಕಂಡ ನಾಡಿನಿಂದ ಹೋದ ನನಗೆ ಆ ಮೆಟ್ಟಿಲುಗಳನ್ನು ಬೇಗ ದಾಟಲಾಗಲಿಲ್ಲ.

ಯೆನೂಫಾ 1904ರ ಜನವರಿ 21ರಂದು ಮೊದಲು ಆಡಿದ್ದು ಇದೇ ಊರಿನ ಚಿಕ್ಕ ಜೆಕ್ ರಂಗಮಂದಿರದಲ್ಲಿ. ಗಬ್ರಿಯೆಲಾ ಪ್ರೈಸೊವಾ ಬರೆದ ಹಳ್ಳಿಯ ನಾಟಕ ಅದು. ಪದ್ಯಕ್ಕೆ ತಿರುಗಿಸದೆ ಗದ್ಯವನ್ನೇ ಹಾಡಾಗಿಸಿದರು. ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರ ಅದನ್ನು ಹನ್ನೆರಡು ವರ್ಷ ಹೊರಗಿಟ್ಟಿತು. ಅಲ್ಲಿಯ ಮುಖ್ಯಸ್ಥ ಕರೆಲ್ ಕೊವಾರ್ಜೊವಿಟ್ಸ್ ಬರೆದಿದ್ದ ಗೀತನಾಟಕವೊಂದನ್ನು ಯನಾಚೆಕ್ ಹಿಂದೊಮ್ಮೆ ಪತ್ರಿಕೆಯಲ್ಲಿ ಕಟುವಾಗಿ ವಿಮರ್ಶಿಸಿದ್ದರು. ಕೊನೆಗೂ 1916ರ ಮೇ 26ರಂದು, ಅದೇ ಕೊವಾರ್ಜೊವಿಟ್ಸ್ ತಿದ್ದಿದ ರೂಪದಲ್ಲಿ, ಪ್ರಾಗ್ ಅದನ್ನು ಕಂಡಿತು. ಯನಾಚೆಕ್ ಅವರಿಗೆ ಆಗ ಅರವತ್ತೊಂದು. ನಾನು ನಿವೃತ್ತಳಾದದ್ದಕ್ಕಿಂತ ಒಂದು ವರ್ಷ ಹೆಚ್ಚು. ಜಗತ್ತು ಇಂದು ಅವರದೆಂದು ಕೇಳುವ ಕೃತಿಗಳಲ್ಲಿ ಹೆಚ್ಚಿನವು ಆ ನಂತರ ಬಂದವು.

ಸಂಜೆ ರೈಲು, ಆಮೇಲೆ ಫ್ರೀಡೆಕ್-ಮಿಸ್ಟೆಕ್ ಪಟ್ಟಣದಿಂದ ಬಸ್ಸು ಹಿಡಿದು ಕತ್ತಲಾಗುವ ಹೊತ್ತಿಗೆ ಹುಕ್ವಲ್ಡಿ ಸೇರಿದೆವು.

ನಾಲ್ಕನೆಯ ದಿನ, ಶನಿವಾರ

ಬೆಳಿಗ್ಗೆ ಕಿಟಕಿ ತೆರೆದರೆ ಗುಡ್ಡದ ಅರ್ಧಕ್ಕೆ ಮಂಜು ಕೂತಿತ್ತು. ಮನೆಯೊಡತಿ, ಎಂಬತ್ತರ ಆಸುಪಾಸಿನ ಅಜ್ಜಿ, ಬಾಗಿಲ ಬಳಿ ಗುಡಿಸುತ್ತಿದ್ದವರು ತಲೆಯೆತ್ತಿ "ದೊಬ್ರಿ ದೆನ್" ಎಂದರು. ಪೊರಕೆಯ ಎರಡು ಬೀಸುಗಳ ನಡುವೆ ಮಾತು ಮುಗಿದೇ ಹೋಗಿತ್ತು. "ಬ್ರೀ" ಎಲ್ಲಿ ಹೋಯಿತೆಂದು ಅಣ್ಣನ ಮಗನನ್ನು ಕೇಳಿದೆ. ಅವನು ಅಜ್ಜಿಯನ್ನೇ ಕೇಳಿದ. ಅವರು ಪೊರಕೆಯನ್ನು ಗೋಡೆಗೊರಗಿಸಿ ಬೆರಳುಗಳನ್ನು ಬಾಯಿಯ ಹತ್ತಿರ ಕೊಕ್ಕಿನಂತೆ ಹಿಡಿದು ತೋರಿಸಿದರು. ಒಸ್ಟ್ರಾವಾ ಸೀಮೆಯವರದು ಗಿಡ್ಡ ಕೊಕ್ಕು ಎಂದು ದೇಶದವರೆಲ್ಲ ಹೇಳುತ್ತಾರಂತೆ, ಏಕೆಂದರೆ ಇವರ ಬಾಯಲ್ಲಿ ದೀರ್ಘವೇ ಇಲ್ಲ, ಎಲ್ಲ ಸ್ವರವೂ ಹ್ರಸ್ವ. ಉಳಿದ ಜೆಕ್ ಜನ ಪದದ ಮೊದಲ ಅಕ್ಷರವನ್ನು ಒತ್ತಿ ನುಡಿದರೆ ಇವರು ನೆರೆಯ ಪೋಲೆಂಡಿನವರಂತೆ ಕೊನೆಯದರ ಹಿಂದಿನ ಅಕ್ಷರವನ್ನು ಒತ್ತುತ್ತಾರೆ.

ನೋಟ್ ಪುಸ್ತಕ ತೆಗೆದು ಬ್ರನೊದ ಸ, ಗಾ, ಸ ಪಕ್ಕದಲ್ಲಿ ಅಜ್ಜಿಯ ಗ, ರಿ, ಸ ಬರೆದೆ, ಮೂರೂ ಹ್ರಸ್ವ. ಬರೆಯುತ್ತಿದ್ದಂತೆ ಯನಾಚೆಕ್ ಸಂಗೀತದಲ್ಲಿ ನನ್ನನ್ನು ಕಾಡುತ್ತಿದ್ದ ಒಂದು ಸಂಗತಿ ತಟಕ್ಕನೆ ಹೊಳೆಯಿತು. ಅವರಲ್ಲಿ ಉದ್ದಕ್ಕೆ ಹರಿಯುವ ಆಲಾಪವಿಲ್ಲ. ಮೂರು ನಾಲ್ಕು ಸ್ವರಗಳ ತುಂಡು, ಅದೇ ತುಂಡು ಮತ್ತೆ, ಮತ್ತೆ, ಆಮೇಲೆ ಕತ್ತರಿಸಿದಂತೆ ನಿಲುಗಡೆ. ವಿಮರ್ಶಕರು ಇದಕ್ಕೆ ಏನೇನು ಕಾರಣ ಕೊಡುತ್ತಾರೋ ಕೊಡಲಿ, ಹನ್ನೊಂದು ವರ್ಷದವರೆಗೆ ಅವರ ಕಿವಿಯಲ್ಲಿದ್ದದ್ದು ಈ ಅಂಗಳದ ಗಿಡ್ಡ ಕೊಕ್ಕಿನ ಮಾತು ಎಂದು ನನಗೆ ಆ ಬೆಳಿಗ್ಗೆ ಮನವರಿಕೆಯಾಯಿತು. ಐವತ್ತು ವರ್ಷಕ್ಕೂ ಮಿಕ್ಕಿ ಬ್ರನೊದಲ್ಲಿದ್ದರೂ ಅವರ ಸ್ವಂತ ಮಾತು ಹೀಗೆಯೇ ಚುಟುಕಾಗಿ, ಗಡುಸಾಗಿತ್ತಂತೆ. ಧಾರವಾಡದವರು ಮೈಸೂರಿನಲ್ಲಿ ನಲವತ್ತು ವರ್ಷವಿದ್ದರೂ "ಹೌದ್ರಿ" ಎನ್ನುವ ದನಿ ಬದಲಾಗದಿರುವುದನ್ನು ನಾನು ಪಕ್ಕದ ಮನೆಯಲ್ಲೇ ಕಂಡಿದ್ದೇನೆ.

ಊರು ಬಹಳ ಚಿಕ್ಕದು. ಚರ್ಚು, ಅದರ ಹತ್ತಿರವೇ 1854ರ ಜುಲೈ 3ರಂದು ಅವರು ಹುಟ್ಟಿದ ಶಾಲೆಯ ಕಟ್ಟಡ, ಒಂದೆರಡು ಹೋಟೆಲು. 1921ರಲ್ಲಿ ಅವರು ಇಲ್ಲಿ ಕೊಂಡ ಮನೆ ಈಗ ಸ್ಮಾರಕವಾಗಿದೆ. ರಜೆಗೆಂದು ಬಂದಾಗ ಹೊಲ, ಕಾಡು ಸುತ್ತುತ್ತಿದ್ದರು. ತಮ್ಮ ತಾಯಿ ಚಿಕ್ಕವರಿದ್ದಾಗ ಬಿಳಿ ಕೂದಲಿನ ಮುದುಕರೊಬ್ಬರು ದಾರಿಯಲ್ಲಿ ನಿಂತು ಏನೋ ಬರೆದುಕೊಳ್ಳುತ್ತಿದ್ದುದನ್ನು ಕಂಡು ಮಕ್ಕಳೆಲ್ಲ ಮಾತು ನಿಲ್ಲಿಸಿಬಿಡುತ್ತಿದ್ದರೆಂದು ಅಜ್ಜಿ ಹೇಳಿದರು.

ಕೋಟೆಗೆ ಹೋಗುವ ದಾರಿ ಜಿಂಕೆವನದೊಳಗಿಂದ ಏರುತ್ತದೆ. ದೊಡ್ಡ ಬಾಗಿಲು ದಾಟುತ್ತಲೇ ಹಳೆಯ ಮರಗಳ ಸಾಲು, ಬೇರುಗಳ ನಡುವೆ ಹಾವಸೆ, ಸ್ವಲ್ಪ ದೂರದಲ್ಲಿ ಮೈಮೇಲೆ ಚುಕ್ಕೆಗಳಿರುವ ಜಿಂಕೆಗಳ ಹಿಂಡು. ದಾರಿ ಬದಿಯಲ್ಲಿ ಹೆಣ್ಣುನರಿಯ ವಿಗ್ರಹವಿದೆ, ಹೋಗಿಬರುವವರು ಅದನ್ನು ಮುಟ್ಟಿ ಮುಂದೆ ಸಾಗುತ್ತಾರೆ. ನಾನೂ ಮುಟ್ಟಿದೆ. ಯನಾಚೆಕ್ ಅವರ "ಚತುರ ಹೆಣ್ಣುನರಿ" ಗೀತನಾಟಕದ ನರಿ ಇವಳು, ಹೆಸರು ಬಿಸ್ಟ್ರೌಷ್ಕಾ. ಲಿದೊವೆ ನೊವಿನಿ ಪತ್ರಿಕೆಯಲ್ಲಿ ಚಿತ್ರಗಳೊಡನೆ ಬರುತ್ತಿದ್ದ ಧಾರಾವಾಹಿಯನ್ನು ಅವರ ಮನೆಯ ಕೆಲಸದಾಕೆ ಮರಿಯೆ ಸ್ಟೆಯ್ಸ್ಕಲೋವಾ ಓದಿಕೊಂಡು ನಗುತ್ತಿದ್ದುದನ್ನು ಕಂಡು, ಅವಳು ತೋರಿಸಿದ್ದರಿಂದ ಅವರ ಕಣ್ಣು ಆ ಕತೆಯ ಮೇಲೆ ಬಿತ್ತು. ಅರಣ್ಯಪಾಲಕ ಹಿಡಿದು ತಂದ ನರಿ ತಪ್ಪಿಸಿಕೊಂಡು ಕಾಡು ಸೇರಿ, ಸಂಸಾರ ಹೂಡಿ, ಗುಂಡೇಟಿಗೆ ಸಾಯುತ್ತದೆ. ಕೊನೆಯ ದೃಶ್ಯದಲ್ಲಿ ಮುದುಕನಾದ ಅರಣ್ಯಪಾಲಕ ಅದೇ ಕಾಡಿನಲ್ಲಿ ಅದೇ ರೂಪಿನ ನರಿಮರಿಯನ್ನು ಕಾಣುತ್ತಾನೆ. ಹಿಂದೊಮ್ಮೆ ತನ್ನ ಮೂಗಿನ ಮೇಲೆ ಹಾರಿದ್ದ ಕಪ್ಪೆಯೂ ಬಂತೆಂದುಕೊಂಡರೆ, ಅದು ನಾನಲ್ಲ ನನ್ನ ತಾತ ಎಂದು ಕಪ್ಪೆ ಹೇಳುತ್ತದೆ. ಇದನ್ನು ಬರೆಯುವ ದಿನಗಳಲ್ಲಿ ಯನಾಚೆಕ್ ಇದೇ ಸುತ್ತಿನ ಕಾಡಿಗೆ ಹೋಗಿ ನರಿಗಳನ್ನು ಕಾಯುತ್ತ ಕೂತಿದ್ದುಂಟು. 1924ರ ನವೆಂಬರ್ 6ರಂದು ಬ್ರನೊದಲ್ಲಿ ಅದು ರಂಗಕ್ಕೆ ಬಂದಾಗ ಅವರಿಗೆ ಎಪ್ಪತ್ತು.

ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಮಲೆನಾಡಿನ ಮಳೆಯಂತೆ ಬಡಿಯುವ ಮಳೆಯಲ್ಲ, ಸಣ್ಣಗೆ, ತಣ್ಣಗೆ, ಬಿಡದೆ ಸುರಿಯುವಂಥದು. ಗುರುವಾರದ ಮಂಡಿ ನೋವಿನಲ್ಲಿ ಏದುಸಿರು ಬಿಡುತ್ತ ಕೋಟೆಯ ಕಮಾನಿನಡಿ ಸೇರಿದೆವು. 1762ರಲ್ಲಿ ಬೆಂಕಿ ಬಿದ್ದ ಮೇಲೆ ಪಾಳುಬಿದ್ದ ಕೋಟೆಯದು. ಅದೇ ಕಮಾನಿನಡಿ ಒಂದು ಕುಟುಂಬ ನಿಂತಿತ್ತು. ನಾಲ್ಕೈದು ವರ್ಷದ ಹುಡುಗಿ ಹಿಂದುಳಿದ ಅಜ್ಜಿಯನ್ನು "ಬಬಿ! ಬಬಿ!" ಎಂದು ಕರೆಯುತ್ತಿದ್ದಳು. ಮೊದಲ ಕರೆ ಸಮದನಿಯಲ್ಲಿತ್ತು, ಎರಡನೆಯದು ಒಂದು ಸ್ವರ ಮೇಲೇರಿತು, ಅಜ್ಜಿ ಕಾಣದಿದ್ದಾಗ ಮೂರನೆಯದು ಪಂಚಮಕ್ಕೆ ಹಾರಿ ಒಡೆಯಿತು. ಛತ್ರಿ ಹಿಡಿದ ಅಜ್ಜಿ ತಿರುವಿನಲ್ಲಿ ಕಂಡ ಕೂಡಲೇ ಅದೇ ಪದ ಮೊದಲಿನ ಷಡ್ಜಕ್ಕೆ ಮರಳಿ ಸಣ್ಣಗಾಯಿತು. ಒದ್ದೆ ಬೆರಳಿನಿಂದ ಬರೆದ ಆ ನಾಲ್ಕು ಸ್ವರಗಳು ಪುಟದಲ್ಲಿ ಕಲೆಸಿಹೋಗಿವೆ. ಓದಲು ಬರುವುದು ನನಗೊಬ್ಬಳಿಗೇ.

ಆ ಸಂಜೆ ಒಸ್ಟ್ರಾವಾಕ್ಕೆ ಹೋಗಬೇಕಿತ್ತು. ನಿಲ್ದಾಣದ ಹಲಗೆಯಲ್ಲಿ ಆರೂ ಚಿಲ್ಲರೆಗೆ ಬಸ್ಸೆಂದು ಓದಿ ಕಾದೆವು. ಆರೂವರೆಯಾಯಿತು, ಏಳಾಯಿತು, ಬಸ್ಸಿಲ್ಲ. ಹೊತ್ತಿನ ಪಕ್ಕದಲ್ಲಿ ಎರಡು ಸುತ್ತಿಗೆಗಳನ್ನು ಅಡ್ಡಡ್ಡಲಾಗಿ ಇಟ್ಟಂತೆ ಒಂದು ಪುಟ್ಟ ಗುರುತಿತ್ತು, ಕೆಲಸದ ದಿನಗಳಲ್ಲಿ ಮಾತ್ರ ಎಂದು ಅದರರ್ಥ. ನಾಲ್ಕು ವರ್ಷ ಈ ದೇಶದಲ್ಲಿದ್ದವನೂ ಅದನ್ನು ಗಮನಿಸಿರಲಿಲ್ಲ. ಹಳ್ಳಿಗಳ ಕಡೆ ಹೋಗುವವರು ಆ ಸುತ್ತಿಗೆಗಳನ್ನೂ, ಭಾನುವಾರಕ್ಕಿರುವ ಶಿಲುಬೆಯ ಗುರುತನ್ನೂ ನೋಡಿಕೊಂಡೇ ಕಾಯಬೇಕು. ನೆನೆದ ಚೀಲ ಹೊತ್ತು ಅಜ್ಜಿಯ ಮನೆಗೇ ಮರಳಿದೆವು. "ಮಲಗಲು ಜಾಗವಿದೆ, ಊಟಕ್ಕೆ ನಾನು ಮಾಡಿಕೊಂಡದ್ದೇ" ಎಂದರು. ಅವರು ಮಾಡಿಕೊಂಡದ್ದು ಪ್ಲಮ್ ಹಣ್ಣಿನ ಕಡುಬು. ಇಡೀ ಹಣ್ಣನ್ನು ಕಣಕದೊಳಗಿಟ್ಟು ಉಂಡೆ ಕಟ್ಟಿ, ಕುದಿವ ನೀರಿನಲ್ಲಿ ಬೇಯಿಸಿ, ಮೇಲೆ ಪುಡಿಮಾಡಿದ ಗಸಗಸೆ, ಸಕ್ಕರೆ, ಕರಗಿದ ಬೆಣ್ಣೆ ಸುರಿದಿದ್ದರು. ಮುರಿದರೆ ನೇರಳೆ ರಸ ತಟ್ಟೆಗಿಳಿದು ಗಸಗಸೆಯೊಡನೆ ಬೆರೆಯುತ್ತಿತ್ತು. ಗಸಗಸೆ ಪಾಯಸದ ವಿಷಯ ಹೇಳಿದಾಗ ಅಜ್ಜಿ ಅಕ್ಕಿಯನ್ನೂ ತೆಂಗಿನಕಾಯಿಯನ್ನೂ ಎಷ್ಟೆಷ್ಟು ಹಾಕುವುದೆಂದು ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಬಸ್ಸು ತಪ್ಪಿದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ.

ಐದನೆಯ ದಿನ, ಭಾನುವಾರ

ಅಜ್ಜಿಯ ಮಗ ಬೆಳಿಗ್ಗೆ ತಮ್ಮ ಕಾರಿನಲ್ಲಿ ಪಟ್ಟಣದವರೆಗೆ ಬಿಟ್ಟರು, ದುಡ್ಡು ಮುಟ್ಟಲಿಲ್ಲ. ಒಸ್ಟ್ರಾವಾ ಕಲ್ಲಿದ್ದಲಿನ, ಉಕ್ಕಿನ ಊರು. ಅಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. 1928ರ ಬೇಸಿಗೆಯ ಕೊನೆಯಲ್ಲಿ ಹುಕ್ವಲ್ಡಿಯ ಮನೆಗೆ ಕಮಿಲಾ ಸ್ಟೆಸ್ಲೋವಾ ತನ್ನ ಮಗನೊಡನೆ ಬಂದಿದ್ದರು. ಯನಾಚೆಕ್ ಅವರಿಗಿಂತ ಮೂವತ್ತೇಳು ವರ್ಷ ಚಿಕ್ಕವರಾದ, ವಿವಾಹಿತೆಯಾದ ಆಕೆಗೆ ಅವರು ಹನ್ನೊಂದು ವರ್ಷಗಳಲ್ಲಿ ಏಳುನೂರಕ್ಕೂ ಹೆಚ್ಚು ಪತ್ರ ಬರೆದಿದ್ದರು. ಅದೇ ವರ್ಷ ಬರೆದ ಎರಡನೆಯ ತಂತಿವಾದ್ಯ ಚತುಷ್ಟಯಕ್ಕೆ "ಆಪ್ತ ಪತ್ರಗಳು" ಎಂದೇ ಹೆಸರಿಟ್ಟರು. ಇದರಿಂದ ಪತ್ನಿ ಜ್ದೆಂಕಾ ಪಟ್ಟ ಪಾಡನ್ನು ನೆನೆದರೆ ನನ್ನ ಮನಸ್ಸು ಈ ಪತ್ರಗಳ ಕಡೆ ಸುಲಭವಾಗಿ ವಾಲುವುದಿಲ್ಲ. ಕಾಡಿನಲ್ಲಿ ಕಮಿಲಾ ಅವರ ಮಗ ಕಾಣದಾಗಿ, ಅವನನ್ನು ಹುಡುಕುತ್ತ ಅಲೆದು ಮುದುಕರಿಗೆ ಶೀತವಾಯಿತೆಂದು ಹೇಳುತ್ತಾರೆ. ಶೀತ ನ್ಯುಮೋನಿಯಾಕ್ಕೆ ತಿರುಗಿ, ಒಸ್ಟ್ರಾವಾದ ಆಸ್ಪತ್ರೆಯೊಂದರಲ್ಲಿ ಆಗಸ್ಟ್ 12ರಂದು ತೀರಿಕೊಂಡರು. ಅದೂ ಒಂದು ಭಾನುವಾರವೇ. ಬ್ರನೊದಲ್ಲಿ ಅವರನ್ನು ಬೀಳ್ಕೊಡುವಾಗ ನರಿಯ ಗೀತನಾಟಕದ ಕೊನೆಯ ದೃಶ್ಯವನ್ನು ನುಡಿಸಿ ಹಾಡಿದರು.

ಮಧ್ಯಾಹ್ನದ ರೈಲಿನಲ್ಲಿ ಬ್ರನೊಗೆ ಬಂದು ನೇರವಾಗಿ ಕೇಂದ್ರ ಸ್ಮಶಾನಕ್ಕೆ ಹೋದೆವು. ಬಹಳ ದೊಡ್ಡ ಜಾಗ, ಬಾಗಿಲಲ್ಲಿರುವ ನಕ್ಷೆಯ ಚಿತ್ರ ತೆಗೆದುಕೊಳ್ಳದಿದ್ದರೆ ದಾರಿ ತಪ್ಪುವುದು ಖಂಡಿತ. ಮೆಂಡೆಲ್ಲರ ಸಮಾಧಿಯೂ ಇಲ್ಲಿಯೇ ಇದೆ. ಯನಾಚೆಕ್ ಸಮಾಧಿಯ ಕಲ್ಲಿನ ಮೇಲೆ ಕೆತ್ತಿರುವುದು ಅವರ ಕೃತಿಯಿಂದ ಆಯ್ದ ಸಾಲು. ಆ ಸಾಲಿನ ಮೂಲ ನಮ್ಮ ರವೀಂದ್ರನಾಥ ಟಾಗೋರರ ಕವಿತೆ. 1921ರ ಜೂನ್‌ನಲ್ಲಿ ಟಾಗೋರರು ಪ್ರಾಗ್‌ನಲ್ಲಿ ಮಾತನಾಡಿದಾಗ ಯನಾಚೆಕ್ ಸಭೆಯಲ್ಲಿದ್ದರು. ಅವರ ಮಾತಿನ ರಾಗವನ್ನೂ ಸ್ವರದಲ್ಲಿ ಹಿಡಿದು ಪತ್ರಿಕೆಗೆ ಲೇಖನ ಬರೆದರು. ಮರು ವರ್ಷ, ಸ್ಪರ್ಶಮಣಿಗಾಗಿ ಅಲೆಯುವ ಹುಚ್ಚನ ಕವಿತೆಯನ್ನು ಪುರುಷರ ವೃಂದಗಾನವಾಗಿಸಿದರು. ಸೊಂಟದ ಕಬ್ಬಿಣದ ಸರಪಳಿ ಚಿನ್ನವಾದದ್ದು ಯಾವಾಗ ಎಂದು ಒಬ್ಬ ಹುಡುಗ ಕೇಳಿದಾಗಲೇ ಅವನಿಗೆ ತಿಳಿಯುವುದು, ಕೈಗೆ ಸಿಕ್ಕಿದ್ದ ಮಣಿಯನ್ನು ನೋಡದೆ ಎಸೆದುಬಿಟ್ಟಿದ್ದೇನೆಂದು. ಹುಡುಗನ ಮಾತನ್ನು ಯನಾಚೆಕ್ ಹೆಣ್ಣು ದನಿಗೆ ಕೊಟ್ಟಿದ್ದಾರೆ. ಶಕ್ತಿ ಉಡುಗಿ, ಮೈ ಬಾಗಿ, ಬೇರು ಕಿತ್ತ ಮರದಂತೆ ಅವನು ಮತ್ತೆ ಹುಡುಕಲು ಹಿಂದಿರುಗುವ ಕೊನೆಯ ಸಾಲು ಈ ಕಲ್ಲಿನ ಮೇಲಿದೆ.

"ಜೋರಾಗಿ ಓದೋ" ಎಂದೆ. ಅಣ್ಣನ ಮಗ ಬೆರಳಿಟ್ಟು ಒಂದೊಂದೇ ಪದ ಓದಿದ. ಪಕ್ಕದ ಸಮಾಧಿಗೆ ನೀರು ಹಾಕುತ್ತಿದ್ದ ಹೆಂಗಸು ಕೈಯಲ್ಲಿದ್ದ ಹಸಿರು ಡಬ್ಬಿಯನ್ನು ಕೆಳಗಿಟ್ಟು ಹತ್ತಿರ ಬಂದರು. ಅವನು ಒಂದು ಕಡೆ ದೀರ್ಘವನ್ನು ನುಂಗಿದ್ದನಂತೆ. ಆಕೆ ಆ ಪದವನ್ನು ಎಳೆದು ಹೇಳಿಕೊಟ್ಟರು, ಅವನು ಮತ್ತೆ ಹೇಳಿದ, ಸರಿಯಾಯಿತೆಂದು ತಲೆಯಾಡಿಸಿ ಡಬ್ಬಿ ಎತ್ತಿಕೊಂಡು ನಲ್ಲಿಯ ಕಡೆ ನಡೆದರು. ನಾನು ಕಟ್ಟೆಯ ಅಂಚಿನಲ್ಲಿ ಕೂತು ಮೊದಲು ಅವನು ಹೇಳಿದ್ದನ್ನೂ, ಅದರ ಕೆಳಗೆ ಆಕೆ ಹೇಳಿದ್ದನ್ನೂ ಬರೆದುಕೊಂಡೆ.